ಕಿವಿ ಮಿಷನ್ ಕೊಟ್ಟರು, ಆಮೇಲೆ? ಸರ್ಕಾರಿ ಶಾಲೆಯಲ್ಲಿ ಏನೇನು ಕೇಳಬಹುದು?

ಎರಡನೇ ಕ್ಲಾಸಿನ ಅಮ್ಮ (ಹಾಸನ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮಗನಿಗೆ ಏಳು ವರ್ಷ, ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸ್. ಬಲಗಿವಿಗೆ 75, ಎಡಗಿವಿಗೆ 80 ಡೆಸಿಬಲ್ ಕೇಳುವಿಕೆ ನಷ್ಟ ಅಂತ ರಿಪೋರ್ಟ್‌ನಲ್ಲಿದೆ. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡ್ ಆಗಿದೆ. ಬಿಆರ್‌ಸಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಕ್ಯಾಂಪ್‌ನಲ್ಲಿ ಎರಡೂ ಕಿವಿಗೆ ಮಿಷನ್ ಕೊಟ್ಟರು, ಫೋಟೋನೂ ತೆಗೆದರು. ಅಲ್ಲಿಗೆ ಮುಗೀತು.

ಈಗ ಹೆಡ್ ಮೇಡಂ ಹೇಳುತ್ತಿರುವುದು ಏನೆಂದರೆ, ಇವನು ಇಲ್ಲಿ ಸುಮ್ನೆ ಕೂತು ಹೋಗುತ್ತಾನೆ, ಮೈಸೂರಿನ ಕಿವುಡ ಮಕ್ಕಳ ಶಾಲೆಗೆ ಹಾಕಿ, ಅಲ್ಲಿ ಹಾಸ್ಟೆಲ್ ಇದೆ ಅಂತ. ಅವರು ಕೆಟ್ಟವರಲ್ಲ, ಮಗನನ್ನು ಕಂಡರೆ ಪ್ರೀತಿನೇ. ಆದರೆ ಏಳು ವರ್ಷದ ಮಗುವನ್ನು ಹಾಸ್ಟೆಲ್‌ಗೆ ಕಳಿಸೋಕೆ ನನಗೆ ಮನಸ್ಸಿಲ್ಲ, ಇವರ ಅಪ್ಪನಿಗೆ ಅರ್ಧ ಮನಸ್ಸು. ಊರಿನ ಶಾಲೆಯಲ್ಲೇ ಇಟ್ಟುಕೊಂಡರೆ ಸರ್ಕಾರದಿಂದ ಏನೇನು ಸಿಗಬೇಕು? ಕೇಳುವುದಕ್ಕೆ ನಮಗೆ ಹಕ್ಕಿದೆಯಾ, ಇಲ್ಲಾ ಕೈಮುಗಿದು ಬೇಡಬೇಕಾ? ಗೊತ್ತಿದ್ದವರು ಹೇಳಿ.

ಬ್ಲಾಕ್ ಮೇಷ್ಟ್ರು

ಮೇಡಂ, ನಾನು ಬೇರೆ ಜಿಲ್ಲೆಯಲ್ಲಿ ಬಿಐಇಆರ್‌ಟಿ. ಅಂದರೆ ತಾಲ್ಲೂಕಿನ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಂಪನ್ಮೂಲ ಶಿಕ್ಷಕ. ಮೊದಲು ಹಕ್ಕಿನ ವಿಷಯ ಮುಗಿಸಿಬಿಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ‘ಕೇಳುವಿಕೆ ಮಂದ’, 70 ದಾಟಿದರೆ ‘ಕಿವುಡು’. ನಿಮ್ಮ ಮಗ ಎರಡನೆಯದರಲ್ಲಿ ಬರುತ್ತಾನೆ. ಅದೇ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ 40% ಅಥವಾ ಅದಕ್ಕಿಂತ ಜಾಸ್ತಿ ವಿಕಲತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಮನೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಸಿಗಬೇಕು. ಯಾವುದು ಅನ್ನುವುದು ನಿಮ್ಮ ಕಡೆಯ ಆಯ್ಕೆ, ಹೆಡ್ ಮೇಡಂ ಆಯ್ಕೆಯಲ್ಲ. ಬೇಡುವ ಮಾತೇ ಇಲ್ಲ.

ಶಾಲೆಗಳಿಗಿರುವ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕ ಇದೆ. ಅದು ನಿಮ್ಮ ಕೈಗೆ ಬರುವ ದುಡ್ಡಲ್ಲ. ಉಪಕರಣ, ಕ್ಯಾಂಪು, ಕಲಿಕಾ ಸಾಮಗ್ರಿ, ಥೆರಪಿ ಎಲ್ಲ ಅದರಲ್ಲೇ ಆಗಬೇಕು. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿ, ಹತ್ತು ತಿಂಗಳು.

ಈಗ ಒಂದು ಕೆಲಸ ಮಾಡಿ. ಎಸ್‌ಎಟಿಎಸ್‌ನಲ್ಲಿ, ಅಂದರೆ ಮಕ್ಕಳ ಆನ್‌ಲೈನ್ ಶಾಲಾ ದಾಖಲೆಯಲ್ಲಿ, ಮಗನ ಹೆಸರಿನ ಮುಂದೆ ವಿಶೇಷ ಅಗತ್ಯದ ಮಗು ಅಂತ ನಮೂದಾಗಿದೆಯಾ ನೋಡಿಸಿ. ಎಷ್ಟೋ ಶಾಲೆಯಲ್ಲಿ ಆ ಕಲಂ ಖಾಲಿ ಇರುತ್ತದೆ. ಖಾಲಿ ಇದ್ದರೆ ನನ್ನಂಥವನ ಪಟ್ಟಿಗೆ ಮಗು ಬರುವುದೇ ಇಲ್ಲ.

ನಲಿಕಲಿ ಟೀಚರ್

ಹೆಡ್ ಮೇಡಂ ಪರವಾಗಿ ನಾನೂ ನಾಲ್ಕು ಮಾತು ಹೇಳಬೇಕು. ನನ್ನ ನಲಿಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಇರುತ್ತಾರೆ. ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ, ಒಂದು ಗುಂಪು ಹಾಡುತ್ತಿರುತ್ತದೆ, ಇನ್ನೊಂದು ಗುಂಪು ಕಾರ್ಡಿಗೆ ಜಗಳ ಆಡುತ್ತಿರುತ್ತದೆ. ತರಬೇತಿಯಲ್ಲಿ ನಮಗೆ ಹೇಳಿದ್ದು, ಕೇಳಿಸದ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅಂತ. ನಲಿಕಲಿಯಲ್ಲಿ ಮುಂದಿನ ಸಾಲು ಎಲ್ಲಿಂದ ತರೋಣ ಸ್ವಾಮಿ? ಸಾಲೇ ಇಲ್ಲ. ನಾನು ಒಂದು ಗುಂಪಿನ ಕಡೆ ತಿರುಗಿದರೆ ಇನ್ನೊಂದಕ್ಕೆ ನನ್ನ ಬೆನ್ನು. ಮೇಲೆ ಶೀಟಿನ ಚಾವಣಿ. ಮಳೆ ಬಂದರೆ ಚೆನ್ನಾಗಿ ಕಿವಿ ಇರುವ ಮಕ್ಕಳಿಗೇ ಏನೂ ಕೇಳಿಸುವುದಿಲ್ಲ.

ಮಗು ಸುಮ್ನೆ ಕೂತಿರುತ್ತದೆ ಅನ್ನುವುದು ನಿಜ. ನೋಡಿ ನೋಡಿ ಪಕ್ಕದವರು ಮಾಡಿದ್ದನ್ನೇ ಮಾಡುತ್ತದೆ. ತಂಟೆ ಇಲ್ಲದ ಮಗು ಅಂತ ನಾವು ಬಿಟ್ಟುಬಿಡುತ್ತೇವೆ. ಏನು ಮಾಡಬೇಕು ಅಂತ ಯಾರಾದರೂ ಬಿಡಿಸಿ ಹೇಳಿದರೆ ಮಾಡುವುದಕ್ಕೆ ನಾನು ರೆಡಿ.

ಶ್ರವಣ ತಜ್ಞೆ

ಟೀಚರ್ ಅವರೇ, ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಕಿವಿ ಮಿಷನ್ ಕನ್ನಡಕ ಹಾಕಿದ ಹಾಗಲ್ಲ, ಹಾಕಿಕೊಂಡ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಟೀಚರ್ ದನಿಯ ಜೊತೆ ಬೆಂಚು ಎಳೆಯುವ ಸದ್ದನ್ನೂ. ಒಂದೆರಡು ಮೀಟರ್ ಒಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅದಕ್ಕೇ ರಿಮೋಟ್ ಮೈಕ್ ಅಂತ ಇರುತ್ತದೆ. ಟೀಚರ್ ಕೊರಳಿಗೆ ಹಾಕಿಕೊಂಡರೆ ದನಿ ನೇರವಾಗಿ ಮಗುವಿನ ಮಿಷನ್‌ಗೆ ಹೋಗುತ್ತದೆ. ಬೆಲೆ ಜಾಸ್ತಿ, ಕ್ಯಾಂಪ್‌ಗಳಲ್ಲಿ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ.

ದುಡ್ಡಿಲ್ಲದೆ ಮಾಡಬಹುದಾದದ್ದು ಇಷ್ಟು. ಪಾಠ ಹೇಳುವಾಗ ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಬೋರ್ಡ್ ಮೇಲೆ ಬರೆಯುತ್ತಾ ಮಾತಾಡಬೇಡಿ. ಮಗುವನ್ನು ಮಾತಾಡಿಸುವ ಮುಂಚೆ ಭುಜ ಮುಟ್ಟಿ. ಉಕ್ತಲೇಖನ ಕೊಡುವಾಗ ಓಡಾಡಬೇಡಿ. ಮರ, ಬರ, ಪರ ಈ ಮೂರನ್ನು ಕನ್ನಡಿ ಮುಂದೆ ಸದ್ದಿಲ್ಲದೆ ಹೇಳಿ ನೋಡಿ, ತುಟಿಯಲ್ಲಿ ಮೂರೂ ಒಂದೇ. ಮಗು ‘ಮರ’ ಅಂತ ಬರೆಯುವ ಕಡೆ ‘ಬರ’ ಬರೆದರೆ ಅದು ದಡ್ಡತನ ಅಲ್ಲ. ಕಣ್ಣಿಗೆ ಕಂಡದ್ದನ್ನು ಸರಿಯಾಗೇ ಬರೆದಿದೆ. ‘ಇವತ್ತು ಮರದ ಪಾಠ’ ಅಂತ ಮೊದಲು ಬೋರ್ಡ್ ಮೇಲೆ ಬರೆದುಬಿಡಿ, ಆಗ ಊಹೆ ಸುಲಭವಾಗುತ್ತದೆ.

ಅಮ್ಮನಿಗೆ ಒಂದು ಪ್ರಶ್ನೆ. ಕಿವಿಯೊಳಗೆ ಕೂರುವ ಅಚ್ಚು, ಇಯರ್ ಮೋಲ್ಡ್, ಅವನ ಕಿವಿಯ ಅಳತೆ ತೆಗೆದು ಮಾಡಿದ್ದಾ? ಇಲ್ಲಾ ಎಲ್ಲರಿಗೂ ಕೊಡುವ ರಬ್ಬರ್ ತುದಿಯಾ? ಮಿಷನ್ ಕುಯ್ಯ್ ಅಂತ ಕೂಗುತ್ತಾ?

ಎರಡನೇ ಕ್ಲಾಸಿನ ಅಮ್ಮ

ಹೌದು ಮೇಡಂ, ಕೂಗುತ್ತೆ. ಅದಕ್ಕೇ ಅವನು ಸ್ಕೂಲಲ್ಲಿ ತೆಗೆದು ಬ್ಯಾಗಿಗೆ ಹಾಕಿಬಿಡುತ್ತಾನೆ, ಪಕ್ಕದ ಮಕ್ಕಳು ನಗುತ್ತಾರಂತೆ. ರಬ್ಬರ್ ತುದಿನೇ ಇರೋದು.

ಶ್ರವಣ ತಜ್ಞೆ

ಹಾಗಾದರೆ ಆ ಮಿಷನ್ ಇದ್ದೂ ಇಲ್ಲದ ಲೆಕ್ಕ. ದೊಡ್ಡ ಮಾಡಿದ ಸದ್ದು ಸಂದಿಯಿಂದ ಹೊರಗೆ ಸೋರಿ ಮತ್ತೆ ಮೈಕ್‌ಗೆ ಹೋಗುತ್ತದೆ, ಅದೇ ಕೂಗು. ಅಳತೆಯ ಅಚ್ಚು ಬೇಕೇ ಬೇಕು. ಮಕ್ಕಳ ಕಿವಿ ಬೆಳೆಯುತ್ತಿರುತ್ತದೆ, ಅದಕ್ಕೆ ಆಗಾಗ ಹೊಸ ಅಚ್ಚು ಹಾಕಿಸುತ್ತಲೂ ಇರಬೇಕು. ನಿಮಗೆ ಮೈಸೂರು ಹತ್ತಿರ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಎಲ್ಲರೂ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂತಾರಲ್ಲ, ಅದೇ. ಅಚ್ಚು ಮಾಡುತ್ತಾರೆ, ಮಿಷನ್ನನ್ನು ಮಗನ ಆಡಿಯೋಗ್ರಾಂಗೆ (ಕಿವಿ ಪರೀಕ್ಷೆಯ ರಿಪೋರ್ಟ್) ತಕ್ಕ ಹಾಗೆ ಸೆಟ್ ಮಾಡಿಸಿಕೊಂಡೂ ಬನ್ನಿ. ಕ್ಯಾಂಪ್‌ನಲ್ಲಿ ಕೊಟ್ಟ ಮಿಷನ್ನನ್ನು ಕೊಟ್ಟ ಹಾಗೇ ಹಾಕಿಕೊಂಡಿರುವ ಮಕ್ಕಳು ಬಹಳ ಇದ್ದಾರೆ. ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ. ಕಿತ್ತ ಕ್ಷಣದಿಂದ ಅದು ಖರ್ಚಾಗುತ್ತಾ ಹೋಗುತ್ತದೆ, ಮತ್ತೆ ಸ್ಟಿಕ್ಕರ್ ಅಂಟಿಸಿದರೆ ಉಳಿಯುವುದಿಲ್ಲ.

ಕೈಮಾತು

ನಾನು ಹುಟ್ಟಿನಿಂದ ಕಿವುಡ. ಸರ್ಕಾರಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದೆ, ಆಮೇಲೆ ಮೈಸೂರಿನ ಜೆಎಸ್‌ಎಸ್ ವಿಕಲಚೇತನರ ಪಾಲಿಟೆಕ್ನಿಕ್. ಈಗ ಬೆಂಗಳೂರಿನಲ್ಲಿ ಡ್ರಾಯಿಂಗ್ ಕೆಲಸ. ಇಲ್ಲಿಯವರೆಗೆ ಎಲ್ಲರೂ ಮಿಷನ್, ಅಚ್ಚು, ಬ್ಯಾಟರಿ, ಬೆಂಚು ಅಂತ ಬರೆದಿದ್ದೀರಿ. ಎಲ್ಲ ಬೇಕು. ಆದರೆ ಒಬ್ಬರೂ ಕೇಳದ ಪ್ರಶ್ನೆ ನನ್ನದು. ಅಕ್ಕಾ, ನಿಮ್ಮ ಮಗ ಮನೆಗೆ ಬಂದು ಇವತ್ತು ಶಾಲೆಯಲ್ಲಿ ಏನಾಯಿತು ಅಂತ ನಿಮಗೆ ಹೇಳುತ್ತಾನಾ? ಬಾಯಲ್ಲೋ ಕೈಯಲ್ಲೋ, ಹೇಗಾದರೂ ಸರಿ. ಯಾರು ಯಾರಿಗೆ ಹೊಡೆದರು, ಯಾಕೆ, ಆಮೇಲೆ ಏನಾಯಿತು, ಇಷ್ಟು?

ನನ್ನ ಶಾಲೆಯ ವಿಷಯ ಹೇಳುತ್ತೇನೆ. ವಿಶೇಷ ಶಾಲೆ ಅಂದ ಕೂಡಲೇ ಅಲ್ಲಿ ಎಲ್ಲರೂ ಕೈಸನ್ನೆಯಲ್ಲಿ ಪಾಠ ಮಾಡುತ್ತಾರೆ ಅಂದುಕೊಳ್ಳಬೇಡಿ. ನಮಗೆ ಬಾಯಿ ಆಡಿಸಿ ಪಾಠ ಮಾಡುತ್ತಿದ್ದರು, ಆಮೇಲೆ ಬೋರ್ಡ್ ತುಂಬ ಬರೆಯುತ್ತಿದ್ದರು, ನಾವು ನಕಲು ಮಾಡುತ್ತಿದ್ದೆವು. ಅಕ್ಷರ ಮುದ್ದಾಗಿ ಇರುತ್ತಿತ್ತು, ತಲೆಗೆ ಹೋಗಿದ್ದು ಸೊನ್ನೆ. ನಾನು ನಿಜವಾಗಿ ಕಲಿತದ್ದು ರಾತ್ರಿ ಹಾಸ್ಟೆಲ್‌ನಲ್ಲಿ, ದೊಡ್ಡ ಹುಡುಗರ ಕೈ ನೋಡಿ. ಸಿನಿಮಾ ಕಥೆ, ಕ್ರಿಕೆಟ್, ಊರಿನ ಜಗಳ, ದೇವರು, ಸಾವು ಎಲ್ಲ. ಪ್ರಪಂಚದಲ್ಲಿ ‘ಯಾಕೆ’ ಅಂತ ಕೇಳಬಹುದು ಅನ್ನುವುದೇ ನನಗೆ ಅಲ್ಲಿ ಗೊತ್ತಾಗಿದ್ದು. ಅದಕ್ಕೆ ಹಾಸ್ಟೆಲ್ ಅಂದರೆ ನನಗೆ ಸಿಟ್ಟೂ ಇದೆ, ಋಣವೂ ಇದೆ. ಮನೆಗೆ ಬಂದರೆ ಅಮ್ಮನ ಹತ್ತಿರ ಊಟ, ನಿದ್ದೆ, ಜ್ವರ ಬಿಟ್ಟು ಬೇರೆ ಮಾತಿರಲಿಲ್ಲ.

ಹಾಗಾಗಿ ಊರ ಶಾಲೆಯಾ, ಮೈಸೂರಾ ಅನ್ನುವುದು ಎರಡನೇ ಪ್ರಶ್ನೆ. ಮಗುವಿಗೆ ಪೂರ್ತಿಯಾಗಿ ಅರ್ಥವಾಗುವ ಒಂದು ಭಾಷೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಅದು ಮೊದಲನೆಯದು. ಕಾಯ್ದೆಯ 16ನೇ ಸೆಕ್ಷನ್‌ನಲ್ಲೂ ಇದೇ ಇದೆ, ಕಿವುಡ ಮಕ್ಕಳಿಗೆ ಅವರಿಗೆ ತಕ್ಕ ಭಾಷೆಯಲ್ಲಿ, ತಕ್ಕ ರೀತಿಯಲ್ಲಿ ಪಾಠ ಆಗಬೇಕು ಅಂತ. ಆದರೆ ಯೋಜನೆಯಲ್ಲಿ ಮಿಷನ್ ಲೆಕ್ಕ ಹಾಕಬಹುದು, ಭಾಷೆ ಲೆಕ್ಕಕ್ಕೆ ಸಿಗುವುದಿಲ್ಲ ನೋಡಿ. ಅದಕ್ಕೇ ಮಿಷನ್ ಮಾತ್ರ ಬರುತ್ತದೆ.

ಪ್ರೊಸೆಸರ್ ಅಪ್ಪ

ನನ್ನ ಮಗಳಿಗೆ ಸರ್ಕಾರಿ ಯೋಜನೆಯಲ್ಲೇ ಕಾಕ್ಲಿಯರ್ ಇಂಪ್ಲಾಂಟ್ ಆಯಿತು (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಉಪಕರಣ, ಹೊರಗೆ ಹಾಕಿಕೊಳ್ಳುವ ಭಾಗ ಪ್ರೊಸೆಸರ್), ಈಗ ನಾಲ್ಕನೇ ಕ್ಲಾಸ್, ಫೋನ್‌ನಲ್ಲೂ ಮಾತಾಡುತ್ತಾಳೆ. ಕೈಮಾತು ಸರ್, ಬೇಜಾರಾಗಬೇಡಿ. ನಮಗೆ ಥೆರಪಿಯಲ್ಲಿ ಹೇಳಿದ್ದು, ಕೈಸನ್ನೆ ಕಲಿಸಿದರೆ ಮಗು ಬಾಯಿ ಬಿಡುವುದೇ ಇಲ್ಲ, ಸುಲಭದ ದಾರಿ ಹಿಡಿಯುತ್ತದೆ ಅಂತ. ನಾವು ಕಟ್ಟುನಿಟ್ಟಾಗಿ ಮಾತು ಮಾತ್ರ ಅಂತ ಇಟ್ಟೆವು, ಫಲ ಸಿಕ್ಕಿತು.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ. ಆಪರೇಷನ್ ಉಚಿತ, ಆಮೇಲಿನದು ಉಚಿತವಲ್ಲ. ಕೇಬಲ್, ಕಾಯಿಲ್, ಬ್ಯಾಟರಿ ಎಲ್ಲ ಕೈಯಿಂದ. ವಾರಂಟಿ ಮುಗಿದ ಮೇಲೆ ಹೊರಗಿನ ಪ್ರೊಸೆಸರ್ ಕೆಟ್ಟರೆ ಲಕ್ಷಗಳ ಮಾತು. ಶಾಲೆಯಲ್ಲಿ ಪ್ಲಾಸ್ಟಿಕ್ ಜಾರುಬಂಡೆ ಇದ್ದರೆ ಆಡುವಾಗ ಪ್ರೊಸೆಸರ್ ತೆಗೆದಿಡಲು ನಮಗೆ ಹೇಳಿದ್ದಾರೆ, ಅಲ್ಲಿ ಹುಟ್ಟುವ ಸ್ಟಾಟಿಕ್ ಕರೆಂಟ್‌ನಿಂದ ತೊಂದರೆ ಆಗಬಹುದಂತೆ. ಇದನ್ನು ಪ್ರತಿ ವರ್ಷ ಹೊಸ ಟೀಚರ್‌ಗೆ ಮತ್ತೆ ಹೇಳಬೇಕು.

ಕೈಮಾತು

ನಿಮ್ಮ ಮಗಳು ಮಾತಾಡುತ್ತಾಳೆ ಅಂದರೆ ನನಗೂ ಖುಷಿ ಸರ್. ಆದರೆ ಅವಳಿಗೆ ಸಣ್ಣ ವಯಸ್ಸಿನಲ್ಲಿ ಆಪರೇಷನ್ ಆಗಿದೆ, ನೀವು ಊರು ಬಿಟ್ಟು ಥೆರಪಿಗೆ ಓಡಾಡಿದ್ದೀರಿ. ರಾತ್ರಿ ಪ್ರೊಸೆಸರ್ ತೆಗೆದಾಗ, ಕೆಟ್ಟು ರಿಪೇರಿಗೆ ಹೋದಾಗ ಅವಳ ಜೊತೆ ಹೇಗೆ ಮಾತಾಡುತ್ತೀರಿ? ಕೈಯಿಂದಲೇ ಅಲ್ವಾ? ಹಾಗಾದರೆ ಅದನ್ನು ಸರಿಯಾಗೇ ಕಲಿತರೆ ಏನು ನಷ್ಟ?

ಶ್ರವಣ ತಜ್ಞೆ

ನನ್ನ ವೃತ್ತಿಯವರು ಹಿಂದೆ ಹಾಗೆ ಹೇಳುತ್ತಿದ್ದದ್ದು ನಿಜ, ಈಗಲೂ ಕೆಲವರು ಹೇಳುತ್ತಾರೆ. ಕೈಸನ್ನೆಯಿಂದ ಮಾತು ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಾತು ತಡವಾಗುವುದು ಮಿಷನ್ ತಡವಾಗಿ ಬಂದದ್ದರಿಂದ, ಬಂದ ಮೇಲೆ ಹಾಕಿಕೊಳ್ಳದೇ ಇದ್ದದ್ದರಿಂದ. ಆದರೆ ಕೈಸನ್ನೆಯ ಹೆಸರಿನಲ್ಲಿ ‘ಬಾ, ಹೋಗು, ತಿನ್ನು’ ಎಂಬ ಮೂರು ಸನ್ನೆ ಇಟ್ಟುಕೊಂಡರೆ ಅದೂ ಭಾಷೆ ಅಲ್ಲ. ಯಾವುದನ್ನು ಕೊಟ್ಟರೂ ಹೊಟ್ಟೆತುಂಬ ಕೊಡಿ.

ಚಿಕ್ಕ ಮಕ್ಕಳಿರುವವರು ಇದನ್ನು ಓದುತ್ತಿದ್ದರೆ: ಮೈಸೂರು ಸಂಸ್ಥೆಯಲ್ಲೇ ಶ್ರವಣದೋಷವುಳ್ಳ ಪುಟ್ಟ ಮಕ್ಕಳಿಗೆ ಪ್ರಿಸ್ಕೂಲ್ ಇದೆ. ಅಲ್ಲಿ ಮಗುವಿನ ಜೊತೆ ಅಮ್ಮನೂ ಕೂತು ಕಲಿಯುತ್ತಾಳೆ. ಆರ್‌ಬಿಎಸ್‌ಕೆ, ಅಂದರೆ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ ತಂಡದವರು ಅಂಗನವಾಡಿಗೆ ತಪಾಸಣೆಗೆ ಬಂದಾಗ ಕಿವಿ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಹುಟ್ಟು ಕಿವುಡು ಅವರ ಪಟ್ಟಿಯಲ್ಲಿದೆ, ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಕೇಂದ್ರ) ಕಳಿಸುತ್ತಾರೆ. ವಿಕಲಚೇತನರಿಗೆ ಉಪಕರಣ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಹುಟ್ಟು ಕಿವುಡಿನ ಇಂಪ್ಲಾಂಟ್‌ಗೆ ಐದು ವರ್ಷದ ಒಳಗಿನ ಮಕ್ಕಳನ್ನೇ ತೆಗೆದುಕೊಳ್ಳುವುದು. ‘ಅಪ್ಪನೂ ತಡವಾಗೇ ಮಾತಾಡಿದ್ದು’ ಅಂತ ಅಜ್ಜಿ ಹೇಳುವುದನ್ನು ನಂಬಿ ಕಾಯಬೇಡಿ.

ಡಲ್ಲಾಸ್ ಕನ್ನಡಿಗ

ಇಲ್ಲಿ ಟೆಕ್ಸಸ್‌ನಲ್ಲಿ ನನ್ನ ಮಗನಿಗೂ ಇದೇ ತೊಂದರೆ, ಸರ್ಕಾರಿ ಶಾಲೆಯಲ್ಲೇ ಓದುತ್ತಾನೆ. 1975ರ ಕಾನೂನಿನಿಂದ ಇಲ್ಲಿ ಇಂಥ ಪ್ರತಿ ಮಗುವಿಗೆ ಐಇಪಿ ಅಂತ ಬರೆದಿಟ್ಟ ಯೋಜನೆ ಇರುತ್ತದೆ. ವರ್ಷಕ್ಕೊಮ್ಮೆ ಅಪ್ಪ ಅಮ್ಮ, ಟೀಚರ್, ಸ್ಪೀಚ್‌ನವರು ಎಲ್ಲ ಮೇಜಿನ ಸುತ್ತ ಕೂತು ವಾರಕ್ಕೆ ಎಷ್ಟು ನಿಮಿಷ ಥೆರಪಿ, ಯಾವ ಮೈಕ್, ಇಂಟರ್‌ಪ್ರೆಟರ್ ಬೇಕಾ ಅಂತ ಬರೆದು ಸಹಿ ಹಾಕುತ್ತೇವೆ. ಬರೆದದ್ದನ್ನು ಕೊಡದಿದ್ದರೆ ಶಾಲೆ ಉತ್ತರ ಹೇಳಬೇಕು. ನಮ್ಮಲ್ಲೂ ಹೀಗೆ ಬರೆಸಿಕೊಳ್ಳಬಹುದಲ್ವಾ?

ಬ್ಲಾಕ್ ಮೇಷ್ಟ್ರು

ಬರೆಯುತ್ತೇವೆ ಸರ್. ನಮ್ಮಲ್ಲೂ ಐಇಪಿ ಫಾರಂ ಇದೆ, ನಾನೇ ತುಂಬುತ್ತೇನೆ. ತುಂಬಿದ ಮೇಲೆ ಮಾಡುವವರು ಯಾರು ಅನ್ನುವುದೇ ಪ್ರಶ್ನೆ. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು. 2025ರಲ್ಲಿ ಮತ್ತೆ, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ನಾನು ನೋಡಿಕೊಳ್ಳುವುದು ತಾಲ್ಲೂಕಿನ ಅರ್ಧ ಶಾಲೆಗಳನ್ನು. ಕಣ್ಣು ಕಾಣದವರು, ಕೇಳಿಸದವರು, ಸೆರೆಬ್ರಲ್ ಪಾಲ್ಸಿ, ಆಟಿಸಂ, ಮನೆಯಲ್ಲೇ ಮಲಗಿರುವ ಮಕ್ಕಳು, ಎಲ್ಲರೂ ನನ್ನವರೇ. ನಾನು ಓದಿದ್ದು ಬೌದ್ಧಿಕ ಅಸಮರ್ಥತೆಯ ವಿಭಾಗ, ಕೈಸನ್ನೆ ನನಗೆ ಹತ್ತಿಪ್ಪತ್ತು ಬಂದರೆ ಹೆಚ್ಚು. ಬೈಕಿನ ಪೆಟ್ರೋಲ್ ಲೆಕ್ಕ ಇಲ್ಲಿ ಬೇಡ ಬಿಡಿ.

ಆದರೂ ಬರೆಸಿಕೊಳ್ಳಿ ಅನ್ನುವ ಮಾತು ಸರಿ. ಅಮ್ಮ, ನೀವು ಹೆಡ್ ಮೇಡಂಗೆ ಒಂದು ಅರ್ಜಿ ಕೊಡಿ, ಅದರ ಒಂದು ಪ್ರತಿ ಬಿಇಒಗೆ (ತಾಲ್ಲೂಕಿನ ಶಿಕ್ಷಣಾಧಿಕಾರಿ), ಇನ್ನೊಂದು ಬಿಆರ್‌ಸಿಗೆ. ಏನೇನು ಬೇಕು ಅಂತ ಬಿಡಿಸಿ ಬರೆಯಿರಿ. ಬಿಐಇಆರ್‌ಟಿ ವಾರಕ್ಕೆ ಒಂದು ದಿನವಾದರೂ ಬರಬೇಕು. ಇಯರ್ ಮೋಲ್ಡ್, ಬ್ಯಾಟರಿ ಬೇಕು. ಬಿಆರ್‌ಸಿ ಸಂಪನ್ಮೂಲ ಕೇಂದ್ರದಲ್ಲಿ ಸ್ಪೀಚ್ ಥೆರಪಿ, ಅಲ್ಲಿಗೆ ಹೋಗಿಬರಲು ಪ್ರಯಾಣ ಭತ್ಯೆ ಬೇಕು. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಪಂಚಾಯಿತಿಯಲ್ಲಿ ವಿಕಲಚೇತನರಿಗೆ 5% ಅನುದಾನ ಮೀಸಲಿದೆ, ಬ್ಯಾಟರಿಗೆ ಅಲ್ಲೂ ಕೇಳಬಹುದು. ಏನೂ ಆಗದಿದ್ದರೆ ಡಿಡಿಪಿಐ, ಅಂದರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿ. 2017ರ ನಿಯಮಗಳ ಪ್ರಕಾರ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಈ ಮಕ್ಕಳ ವಿಷಯಕ್ಕೇ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅದಕ್ಕೂ ಮೇಲೆ ರಾಜ್ಯ ವಿಕಲಚೇತನರ ಆಯುಕ್ತರು.

ನಲಿಕಲಿ ಟೀಚರ್

ಕೈಸನ್ನೆ ನಾವೇ ಕಲಿಯಬೇಕು ಅಂದರೆ ಎಲ್ಲಿ ಕಲಿಯೋದು? ಯೂಟ್ಯೂಬ್ ನೋಡಿದರೆ ಅರ್ಧ ಅಮೆರಿಕದ್ದು ಬರುತ್ತದೆ.

ಕೈಮಾತು

ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆಗೆ, ತರಬೇತಿಗೆ ದೆಹಲಿಯಲ್ಲಿ 2015ರಿಂದ ಐಎಸ್‌ಎಲ್‌ಆರ್‌ಟಿಸಿ ಸಂಸ್ಥೆ ಇದೆ. ಅವರದು 10,000 ಪದಗಳ ನಿಘಂಟು, ಎಲ್ಲ ವಿಡಿಯೋ, ಉಚಿತ. 2022ರಲ್ಲಿ ‘ಸೈನ್ ಲರ್ನ್’ ಅಂತ ಆ್ಯಪ್ ಕೂಡ ಬಂತು. ಎನ್‌ಸಿಇಆರ್‌ಟಿ ಪುಸ್ತಕದ ಪಾಠಗಳನ್ನೂ ಸಂಜ್ಞೆಯಲ್ಲಿ ಮಾಡುತ್ತಿದ್ದಾರೆ, ಪಿಎಂ ಇ-ವಿದ್ಯಾದ 31ನೇ ಟಿವಿ ಚಾನೆಲ್ ಪೂರ್ತಿ ಇದಕ್ಕೇ. ತೊಂದರೆ ಏನು ಗೊತ್ತಾ, ಅದರಲ್ಲಿ ಹೆಚ್ಚಾಗಿ ಹಿಂದಿ, ಇಂಗ್ಲಿಷ್. ನಿಮ್ಮ ನಲಿಕಲಿ ಕಾರ್ಡು, ನಮ್ಮ ಕನ್ನಡ ಪುಸ್ತಕ ಅದರಲ್ಲಿ ಸಿಗುವುದಿಲ್ಲ. ಈ ಕೆಲಸವನ್ನು ಕರ್ನಾಟಕವೇ ಮಾಡಬೇಕು, ನಮ್ಮಂಥ ಕಿವುಡರನ್ನೇ ಕರೆದು ಸಂಬಳ ಕೊಟ್ಟು ಮಾಡಿಸಬೇಕು.

ಟೀಚರ್, ಒಂದು ಸುಲಭದ ದಾರಿ ಹೇಳಲಾ? ನಿಮ್ಮ ಕ್ಲಾಸಿನ ಎಲ್ಲ ಮಕ್ಕಳಿಗೂ ದಿನಕ್ಕೆ ಎರಡು ಸಂಜ್ಞೆ ಕಲಿಸಿ. ಮಕ್ಕಳು ನಿಮಗಿಂತ ಬೇಗ ಕಲಿಯುತ್ತಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯೋಕೆ ಬರುತ್ತೆ ಅಂತಲಾದರೂ ಕಲಿಯುತ್ತಾರೆ! ಆಗ ಆ ಮಗುವಿಗೆ ಆಟದ ಬಯಲಿನಲ್ಲಿ ಮಾತಾಡಲು ಜನ ಸಿಗುತ್ತಾರೆ. ಇಡೀ ಊರಿನ ಶಾಲೆಯಲ್ಲಿ ಒಬ್ಬನೇ ಕಿವುಡ ಮಗು ಅಂದರೆ ಅದರ ಕಷ್ಟ ನಿಮಗೆ ಪಾಠದ ಹೊತ್ತಿನಲ್ಲಿ ಕಾಣುವುದಿಲ್ಲ, ಊಟದ ಬಿಡುವಿನಲ್ಲಿ ನೋಡಿ.

2023ರಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟ್‌ನಲ್ಲಿ ಇಂಟರ್‌ಪ್ರೆಟರ್ ಜೊತೆ ವಾದ ಮಾಡಿದಾಗ ನಮ್ಮ ಗುಂಪಿನವರೆಲ್ಲ ಆ ಸುದ್ದಿ ಹಂಚಿಕೊಂಡು ಕುಣಿದಾಡಿದೆವು. ದೇಶದ ದೊಡ್ಡ ಕೋರ್ಟಿಗೆ ಇಂಟರ್‌ಪ್ರೆಟರ್ ಬರಬಹುದಾದರೆ ತಾಲ್ಲೂಕಿನ ಪಿಯು ಕಾಲೇಜಿಗೆ ಯಾಕೆ ಬರಬಾರದು?

ಎರಡನೇ ಕ್ಲಾಸಿನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್, ಸ್ವಲ್ಪ ತಡವಾಗಿ ಬರೆಯುತ್ತಿದ್ದೇನೆ. ಎಸ್‌ಎಟಿಎಸ್‌ನಲ್ಲಿ ನಿಜವಾಗಲೂ ಕಲಂ ಖಾಲಿ ಇತ್ತು ಮೇಷ್ಟ್ರೇ, ಹೆಡ್ ಮೇಡಂ ನನ್ನೆದುರೇ ತುಂಬಿಸಿದರು. ಮೈಸೂರಿಗೆ ಹೋಗಿ ಅಚ್ಚಿಗೆ ಅಳತೆ ಕೊಟ್ಟು ಬಂದೆವು. ಹೊಸ ಅಚ್ಚು ಬಂದ ಮೇಲೆ ಕೂಗು ನಿಂತಿದೆ, ಮನೆಯಲ್ಲಿ ಮಿಷನ್ ತೆಗೆಯುವುದಿಲ್ಲ, ಶಾಲೆಯಲ್ಲಿ ಇನ್ನೂ ಒಂದೊಂದು ದಿನ ತೆಗೆದಿಡುತ್ತಾನೆ. ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ನಮ್ಮ ಬಿಐಇಆರ್‌ಟಿ ವಾರಕ್ಕೊಮ್ಮೆ ಆಗಲ್ಲ, ಹದಿನೈದು ದಿನಕ್ಕೊಮ್ಮೆ ಬರುತ್ತೇನೆ ಎಂದರು. ಥೆರಪಿಗೆ ಇನ್ನೂ ‘ನೋಡೋಣ’.

ಕೈಮಾತು ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ, ಇಲ್ಲ. ಅವನು ಏನೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಈಗ ಆ್ಯಪ್ ಹಾಕಿಕೊಂಡಿದ್ದೇನೆ, ನಾನು, ಅವನು, ಅವನ ಅಕ್ಕ ಮೂವರೂ ಕಲಿಯುತ್ತಿದ್ದೇವೆ. ಮೈಸೂರು ಶಾಲೆಯನ್ನೂ ಒಮ್ಮೆ ನೋಡಿಕೊಂಡು ಬರೋಣ ಅಂತ ಇವರ ಅಪ್ಪ ಹೇಳುತ್ತಿದ್ದಾರೆ. ಐದನೇ ಕ್ಲಾಸ್ ಹೊತ್ತಿಗೆ ಬೇಕಾದರೆ ಯೋಚನೆ ಮಾಡೋಣ ಅಂದಿದ್ದೇನೆ. ಅಣ್ಣಾ, ಹೋಗುವ ಮುಂಚೆ ಅಲ್ಲಿ ಏನೇನು ನೋಡಬೇಕು ಹೇಳಿ.

ಕೈಮಾತು

ಆಫೀಸ್ ರೂಂನಲ್ಲಿ ಕೂರಬೇಡಿ. ಕ್ಲಾಸ್ ನಡೆಯುವಾಗ ಹೋಗಿ. ಟೀಚರ್ ಕೈ ಆಡುತ್ತಿದೆಯಾ, ಬಾಯಿ ಮಾತ್ರವಾ ನೋಡಿ. ಮಕ್ಕಳು ಪ್ರಶ್ನೆ ಕೇಳುತ್ತಾರಾ ನೋಡಿ. ಒಂದು ನೋಟ್ಸ್ ತೆಗೆದು, ಬರೆದಿರುವ ಒಂದು ವಾಕ್ಯದ ಅರ್ಥವನ್ನು ಆ ಮಗುವಿನ ಹತ್ತಿರವೇ ಕೇಳಿಸಿ. ಟೀಚರ್‌ಗಳಲ್ಲಿ ಒಬ್ಬರಾದರೂ ಕಿವುಡರು ಇದ್ದಾರಾ ಅಂತ ಕೇಳಿ. ಹಾಸ್ಟೆಲ್‌ನಲ್ಲಿ ರಾತ್ರಿ ಯಾರು ಇರುತ್ತಾರೆ, ಅವರಿಗೆ ಸಂಜ್ಞೆ ಬರುತ್ತಾ ಅಂತಲೂ ಕೇಳಿ. ಮಗುವಿಗೆ ಏನಾದರೂ ತೊಂದರೆ ಆದರೆ ಹೇಳಿಕೊಳ್ಳುವುದು ಅವರ ಹತ್ತಿರವೇ.

ರಾಯಚೂರು ಚಿಕ್ಕಪ್ಪ

ಇದೇ ಎಳೆಯಲ್ಲಿ ನನ್ನದೊಂದು. ಅಣ್ಣನ ಮಗಳು ಒಂಬತ್ತನೇ ಕ್ಲಾಸ್, ಸರ್ಕಾರಿ ಪ್ರೌಢಶಾಲೆ. ಕಿವಿ ಮಿಷನ್ ಐದನೇ ಕ್ಲಾಸಿನಲ್ಲಿ ಕೊಟ್ಟದ್ದು, ಕೆಟ್ಟು ಮೂಲೆ ಸೇರಿದೆ. ಮುಂದಿನ ವರ್ಷ ಎಸೆಸೆಲ್ಸಿ. ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಬರೆಯಬೇಕಾ? ಭಾಷೆಗೆ ವಿನಾಯಿತಿ ಇದೆ ಅಂತಾರಲ್ಲ?

ಬ್ಲಾಕ್ ಮೇಷ್ಟ್ರು

ಇದೆ. ಎರಡನೇ, ಮೂರನೇ ಭಾಷೆಗೆ ವಿನಾಯಿತಿ ಕೊಡಬಹುದು ಅಂತ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೂ ಉಂಟು, ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಅಂತಿತ್ತು. ಆದರೆ ವಿನಾಯಿತಿ ಸಿಗುತ್ತದೆ ಅಂತ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಪಿಯುಸಿಯಲ್ಲೂ ಎರಡು ಭಾಷೆ ಇವೆ, ಮುಂದೆ ಕಂಪ್ಯೂಟರ್ ಕಡೆ ಹೋಗುವುದಾದರೆ ಇಂಗ್ಲಿಷ್ ಬಿಟ್ಟರೆ ಕಷ್ಟ. ಹುಡುಗಿಯನ್ನು ಕೂರಿಸಿಕೊಂಡು ಅವಳಿಗೆ ಯಾವುದು ಓದಲು ಬರುತ್ತದೆ, ಮುಂದೆ ಏನು ಮಾಡಬೇಕು ಅಂತಿದ್ದಾಳೆ ಕೇಳಿ ತೀರ್ಮಾನ ಮಾಡಿ.

ಹಳೇ ಮಿಷನ್ ವಿಷಯಕ್ಕೆ, ಈ ವರ್ಷದ ವೈದ್ಯಕೀಯ ತಪಾಸಣಾ ಕ್ಯಾಂಪ್ ಯಾವಾಗ ಅಂತ ನಿಮ್ಮ ಬಿಆರ್‌ಸಿಯಲ್ಲಿ ಕೇಳಿ ಹೆಸರು ಬರೆಸಿ. ಆಡಿಯೋಗ್ರಾಂ ಹೊಸದು ಮಾಡಿಸಿ. ಯುಡಿಐಡಿ ಕಾರ್ಡಿನ ಹೆಸರು, ಶಾಲಾ ದಾಖಲೆಯ ಹೆಸರು, ಆಧಾರ್ ಮೂರೂ ಒಂದೇ ಇದೆಯಾ ಈಗಲೇ ನೋಡಿ, ಇನಿಷಿಯಲ್ ಒಂದು ಆಚೀಚೆ ಆದರೂ ವಾಪಸ್ ಕಳಿಸುತ್ತಾರೆ. ಶಾಲೆ ಶುರುವಾದ ಕೂಡಲೇ ಹೆಡ್ ಮಾಸ್ಟರ್‌ಗೆ ಅರ್ಜಿ ಕೊಟ್ಟುಬಿಡಿ. ಪರೀಕ್ಷೆ ಹತ್ತಿರ ಬಂದಾಗ ಓಡಿ ಬಂದರೆ ನನ್ನಂಥವನ ಕೈಯಲ್ಲೂ ಏನೂ ಇರುವುದಿಲ್ಲ.